ಖಾಲಿ ಇರಬೇಕಿದ್ದ ಸಾಲು

"ಬಾಗಿಲು ಮುಚ್ಚಿ! ಮೊದಲು ಬಾಗಿಲು ಮುಚ್ರೀ...!"

ಅವಳು ಕೂಗಿದ್ದೇನೋ ನಿಜ. ಆದರೆ ಅಷ್ಟರಲ್ಲಿ ಬಾಗಿಲು ಹಾರು ಹೊಡೆದಿತ್ತು.

ಕಾರಿಡಾರಿನ ಗಾಳಿ ಒಳಗೆ ನುಗ್ಗಿತು. ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಗುಡ್ಡೆ ಮಾಡಿದ್ದ ಹಳದಿ ಪುಡಿ ಎದ್ದು, ಕೋಣೆಯೆಲ್ಲ ಹರಡಿ, ಬಾಗಿಲಲ್ಲಿ ನಿಂತವನ ತಲೆ, ಮುಖ, ನೀಲಿ ಅಂಗಿಯ ಮೇಲೆಲ್ಲ ಕೂತಿತು.

ಹನ್ನೊಂದು ದಿನದ ದುಡಿಮೆ ಅದು! ಬೆಳಗಾಗುತ್ತಲೇ ರಸ್ತೆ ಬದಿಯ ಮರಗಳಿಗೆ ಏಣಿ ಹಾಕಿ, ಹೂಗೊಂಚಲು ಕೊಯ್ದು, ನೆರಳಲ್ಲಿ ಒಣಗಿಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ಆಡಿಸಿ ತೆಗೆದ ಎರಡೇ ಎರಡು ಚಮಚ ಪರಾಗ.

"ಕಣ್ಣು ಕಾಣಲ್ವಾ ನಿಮಗೆ? ಬಾಗಿಲ ಮೇಲೆ ಅಷ್ಟು ದೊಡ್ಡದಾಗಿ ಬರೆದಿದೆ, ತಟ್ಟದೆ ಒಳಗೆ ಬರಬಾರದು ಅಂತ!"

ಅವನ ಕೈಯಲ್ಲೊಂದು ಐಸ್‌ಬಾಕ್ಸ್ ಇತ್ತು. ರೆಪ್ಪೆಯ ಮೇಲೂ ಪರಾಗ ಹೊತ್ತುಕೊಂಡು ಅವನು ಬಾಗಿಲ ಕಡೆ ತಿರುಗಿ ನೋಡಿದ.

"ಈಗ ಕಾಣ್ತಿದೆ ಮೇಡಂ. ಬೋರ್ಡನ್ನ ಒಳಗಡೆ ಅಂಟಿಸಿದ್ದೀರಿ."

ಅವಳೂ ನೋಡಿದಳು. ಹೌದು, ಒಳಗಡೆಯೇ ಇತ್ತು...

ಉತ್ತರ ಕೊಡುವಷ್ಟರಲ್ಲಿ ಸೀನು ಶುರುವಾಯಿತು. ಒಂದಲ್ಲ, ಎರಡಲ್ಲ, ಒಂಬತ್ತು. ಆ ಮರದ ಪರಾಗ ಅವಳಿಗೆ ಆಗಿಬರುವುದಿಲ್ಲ. ಆಗಿಬರದ್ದನ್ನೇ ಹಿಡಿದು, ಅದರೊಳಗಿನ ಯಾವ ಪ್ರೊಟೀನು ಮನುಷ್ಯರನ್ನು ಹೀಗೆ ಕಾಡುತ್ತದೆ ಎಂದು ಹುಡುಕಲು ಹೊರಟಿದ್ದಳು ನಮ್ಮ ಹುಡುಗಿ. ಅಷ್ಟು ಹಟಮಾರಿ.

ಕಣ್ಣೊರೆಸಿಕೊಂಡು ನೋಡಿದರೆ ಅವನು ನಿಂತಲ್ಲೇ ನಿಂತಿದ್ದ. ಮೂಗಿನ ತುದಿಯಲ್ಲಿ ಹಳದಿ, ಮೀಸೆಯಲ್ಲಿ ಹಳದಿ. ಒಂದೇ ಒಂದು ಸೀನೂ ಇಲ್ಲ!

ಅವಳ ಸಿಟ್ಟು ಸರ್ರನೆ ಇಳಿಯಿತು. ಹತ್ತಿರ ಬಂದು ಅವನ ಕಣ್ಣನ್ನೇ ನೋಡಿದಳು.

"ಸೀನು ಬರಲಿಲ್ವಾ ನಿಮಗೆ?"

"ಇಲ್ಲ."

"ಕಣ್ಣು ಉರಿ? ಮೂಗು ತುರಿಕೆ? ಚಿಕ್ಕಂದಿನಲ್ಲಿ ಉಬ್ಬಸ?"

"ವರ್ಷಕ್ಕೊಂದು ನೆಗಡಿ ಬಿಟ್ರೆ ಏನೂ ಇಲ್ಲ ಮೇಡಂ... ಯಾಕೆ?"

"ಹಾಗಾದ್ರೆ ನನಗೆ ನಿಮ್ಮ ರಕ್ತ ಬೇಕು!"

ಪಕ್ಕದ ಕಟ್ಟಡದ ಅಲರ್ಜಿ ಕ್ಲಿನಿಕ್‌ನಲ್ಲಿ ದಿನವಿಡೀ ಬೇರೆಯವರ ರಕ್ತ ತೆಗೆಯುವುದೇ ಅವನ ಕೆಲಸ. ಅವನ ರಕ್ತವನ್ನೇ ಕೇಳಿದವರು ಇಲ್ಲಿಯವರೆಗೆ ಯಾರೂ ಇರಲಿಲ್ಲ. ಅವನು ಪೆದ್ದುಪೆದ್ದಾಗಿ ನಕ್ಕು, ಅಂಗಿಯ ತೋಳು ಮಡಚತೊಡಗಿದ.

ಆ ನಗು ಅವಳ ಎದೆಯಲ್ಲಿ ಎಲ್ಲೋ ಹೋಗಿ ಕೂತಿತು. ಆದರೆ ಅದನ್ನು ಒಪ್ಪಿಕೊಳ್ಳುವುದಕ್ಕೆ ಅವಳಿಗೆ ಒಂದು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು!

* * *

ಅವಳ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಪ್ರಾಣ ಹೋಗುತ್ತದೆ.

ಪರಾಗವನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಅದರ ಪ್ರೊಟೀನುಗಳನ್ನೆಲ್ಲ ಇಳಿಸಿಕೊಂಡು, ತೂಕದ ಪ್ರಕಾರ ಬೇರ್ಪಡಿಸಬೇಕು. ಆಮೇಲೆ ಅವನ್ನು ಒಂದು ಬಿಳಿ ಹಾಳೆಗೆ ಇಳಿಸಿ, ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಒಂದೊಂದು ಪಟ್ಟಿಯನ್ನು ಒಬ್ಬೊಬ್ಬ ರೋಗಿಯ ರಕ್ತದ ತಿಳಿನೀರಿನಲ್ಲಿ, ಅಂದರೆ ಸೀರಂನಲ್ಲಿ, ಮುಳುಗಿಸಬೇಕು. ಯಾವ ಪ್ರೊಟೀನನ್ನು ಆ ರಕ್ತ ವೈರಿ ಎಂದು ಗುರುತು ಹಿಡಿಯುತ್ತದೋ, ಅಲ್ಲಿ ಕಪ್ಪು ಗೆರೆ ಮೂಡುತ್ತದೆ. ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿಟ್ಟರೆ ಒಬ್ಬೊಬ್ಬರದು ಒಂದೊಂದು ಸಾಲು.

ಇಪ್ಪತ್ತೆರಡು ರೋಗಿಗಳ ಸಾಲಿನಲ್ಲಿ ಹತ್ತೊಂಬತ್ತರಲ್ಲಿ ಒಂದೇ ಎತ್ತರದಲ್ಲಿ ಗೆರೆ ಬರುತ್ತಿತ್ತು. ಆ ಪ್ರೊಟೀನಿಗೆ ಅವಳು 'ಮೊಂಡ' ಎಂದು ಹೆಸರಿಟ್ಟಿದ್ದಳು. ಹತ್ತು ನಿಮಿಷ ಕುದಿಸಿದರೂ ಅದರ ಗುಣ ಕೆಡುತ್ತಿರಲಿಲ್ಲ, ಹೊಟ್ಟೆಯ ರಸ ಸುರಿದರೂ ಕರಗುತ್ತಿರಲಿಲ್ಲ.

ಕೊನೆಯ ಸಾಲು ಮಾತ್ರ ಖಾಲಿ ಇರಬೇಕು. ಅದು ಅಲರ್ಜಿ ಇಲ್ಲದ ಮನುಷ್ಯನದು. ಕಂಟ್ರೋಲ್ ಎನ್ನುತ್ತಾರೆ. ಅಲ್ಲೂ ಗೆರೆ ಬಂದರೆ ಉಳಿದ ಗೆರೆಗಳಿಗೆ ಮೂರು ಕಾಸಿನ ಬೆಲೆ ಇಲ್ಲ.

ಹಾಗಾಗಿ ಅವನು ಅವಳ ಕಂಟ್ರೋಲ್ ಆದ. ಕೊನೆಗೆ ಅದೇ ಅವನ ಹೆಸರೂ ಆಯಿತು.

"ಏನ್ರೀ ಕಂಟ್ರೋಲ್, ಇವತ್ತು ಎಷ್ಟು ಟ್ಯೂಬು?"

"ಮೂರು ಮೇಡಂ. ನನ್ನ ಸಾಲು ಹೇಗಿದೆ?"

"ಖಾಲಿ. ಬೆಳ್ಳಗೆ, ಚೊಕ್ಕವಾಗಿ!"

"ಆ ಹದಿನಾಲ್ಕನೇ ಸಾಲು ಯಾರದು? ಇಷ್ಟು ಕಪ್ಪಾಗಿದೆ..."

"ನಂದೇ." ಅವಳು ನಕ್ಕಳು. "ನಾನೂ ಒಬ್ಬ ರೋಗಿಯೇ ಅಲ್ವಾ?"

ಟ್ಯೂಬು ಕೊಟ್ಟು ಹೋಗಬೇಕಾದವನು ಅರ್ಧ ಗಂಟೆ ನಿಲ್ಲುತ್ತಿದ್ದ. ಬೆಳಿಗ್ಗೆ ಏಣಿ ಹಿಡಿಯಲು ಬರುತ್ತಿದ್ದ. ಒಂದು ದಿನ ಜರಡಿ ಹಿಡಿಯುತ್ತಿದ್ದ ಅವಳಿಗೆ ಉಬ್ಬಸ ಕಟ್ಟಿ, ಉಸಿರೇ ನಿಂತಂತಾದಾಗ, ಅವಳ ಬ್ಯಾಗೆಲ್ಲ ತಡಕಿ ಇನ್‌ಹೇಲರ್ ಹುಡುಕಿ ಬಾಯಿಗೆ ಹಿಡಿದವನೂ ಅವನೇ. ಅಂದಿನಿಂದ ಕ್ಲಿನಿಕ್‌ನ ಡಾಕ್ಟರ್ ಅವಳಿಗೆ ಜರಡಿ ಕೋಣೆಯ ಬಾಗಿಲೇ ಬಂದ್ ಮಾಡಿದರು. ಆ ಕೆಲಸ ಅಟೆಂಡರ್ ಅಣ್ಣನಿಗೆ ಹೋಯಿತು.

ಮರುವರ್ಷ ಮರಗಳು ಮತ್ತೆ ಹೂಬಿಟ್ಟವು. ಏಣಿಯ ಕೆಳಗೆ ನಿಂತು ಅವಳು ಒಮ್ಮೆ ಧೈರ್ಯ ಮಾಡಿ ಕೇಳಿದ್ದಳು.

"ಅಲ್ಲ ಕಂಟ್ರೋಲ್... ನಿಮಗೆ ಯಾವುದಕ್ಕೂ, ಯಾರನ್ನ ನೋಡಿದ್ರೂ, ಏನೂ ಅನ್ಸೋದೇ ಇಲ್ವಾ?"

ಏಣಿಯ ಮೇಲಿದ್ದ ಅವನು ಕೈ ನಿಲ್ಲಿಸಿದ. ಏನೋ ಹೇಳಬೇಕೆಂದುಕೊಂಡ. ಆಮೇಲೆ ಮೆಲ್ಲಗೆ ಒಂದು ಹೂಗೊಂಚಲು ಕಿತ್ತು ಬುಟ್ಟಿಗೆ ಹಾಕಿದ.

"ಏನೂ ಇಲ್ಲ ಅಂತಲೇ ಅಲ್ವಾ ಮೇಡಂ, ನನ್ನನ್ನ ಇಟ್ಕೊಂಡಿರೋದು?"

ಅದು ತಮಾಷೆಯೋ ನೋವೋ ಅವಳಿಗೆ ತಿಳಿಯಲಿಲ್ಲ. ತಾನು ಕೇಳಿದ್ದೇ ತಪ್ಪಾಯಿತೇನೋ ಎಂದು ಮುಖ ತಿರುಗಿಸಿಕೊಂಡಳು. 'ಇವನ ಮನಸ್ಸಿನಲ್ಲಿ ನಾನಿಲ್ಲ. ಸುಮ್ಮನೆ ಕನಸು ಕಾಣಬೇಡ...' ಎಂದು ತನಗೆ ತಾನೇ ಗದರಿಸಿಕೊಂಡಳು.

* * *

ಅವಳ ಪಿಎಚ್‌ಡಿ ಪ್ರಬಂಧದ ಪರೀಕ್ಷಕರು ಬರುವುದಕ್ಕೆ ಎರಡು ವಾರ ಉಳಿದಿತ್ತು.

"ಎಲ್ಲರ ಹೊಸ ರಕ್ತ ತರಿಸು. ಕೊನೇದಾಗಿ ಒಂದು ಸಲ ಪೂರ್ತಿ ಮಾಡಿ ತೋರಿಸು," ಎಂದರು ಅವಳ ಗೈಡ್. ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಅವರು ದೊಡ್ಡ ಮೇಡಂ. ನಗುವುದು ಅಪರೂಪ, ತಪ್ಪು ಬಿಡುವುದು ಇನ್ನೂ ಅಪರೂಪ.

ಅವನು ಇಪ್ಪತ್ತಮೂರು ಟ್ಯೂಬು, ಇಪ್ಪತ್ತಮೂರು ಫಾರ್ಮು ತಂದುಕೊಟ್ಟ. ತನ್ನ ಫಾರ್ಮನ್ನು ಎಲ್ಲಕ್ಕಿಂತ ಮೇಲಿಟ್ಟಿದ್ದ.

"ಮೇಡಂ, ಇದನ್ನೊಂದು ಸ್ವಲ್ಪ ಓದಿ..."

"ಓದ್ತೀನಿ, ಓದ್ತೀನಿ. ನಿಮ್ಮದರಲ್ಲಿ ಓದೋಕೇನಿದೆ? ಇಲ್ಲ, ಇಲ್ಲ, ಇಲ್ಲ ಅಂತ ಅಷ್ಟೇ ತಾನೇ!"

ಅವಳು ನಗುತ್ತಾ ಫಾರ್ಮುಗಳನ್ನೆಲ್ಲ ಫೈಲಿಗೆ ಸೇರಿಸಿದಳು. ಅವನು ಒಂದು ಕ್ಷಣ ನಿಂತಿದ್ದು, ಹೊರಟುಹೋದ.

ಎರಡು ದಿನದ ಕೆಲಸ. ಕೊನೆಯಲ್ಲಿ ಬಣ್ಣದ ದ್ರಾವಣ ಸುರಿದು ಎರಡು ನಿಮಿಷ ಕಾಯಬೇಕು. ಆ ಎರಡು ನಿಮಿಷ ಅವಳು ಯಾವಾಗಲೂ ಉಸಿರು ಬಿಗಿಹಿಡಿಯುತ್ತಿದ್ದಳು.

ಒಂದನೇ ಸಾಲು... ಗೆರೆ. ಎರಡು... ಗೆರೆ. ಹದಿನಾಲ್ಕು, ಅವಳದೇ... ಗಟ್ಟಿ ಗೆರೆ.

ಕೊನೆಯ ಸಾಲು...

ಅವಳು ಕಣ್ಣುಜ್ಜಿಕೊಂಡಳು.

ಗೆರೆ ಇತ್ತು! ತೆಳುವಲ್ಲ, ಮಸುಕಲ್ಲ. ಮೊಂಡನ ಎತ್ತರದಲ್ಲೇ, ಸ್ಪಷ್ಟವಾಗಿ!

ಮತ್ತೆ ಮೊದಲಿನಿಂದ ಮಾಡಿದಳು. ಮತ್ತೆ ಗೆರೆ. ಫ್ರೀಜರಿನಲ್ಲಿದ್ದ ಕಳೆದ ವರ್ಷದ ಅವನ ಟ್ಯೂಬು ತೆಗೆದು ಅದನ್ನೂ ಹಾಕಿ ನೋಡಿದಳು. ಅದು ಮೊದಲಿನಂತೆ ಖಾಲಿ!

ಅಂದರೆ ಹಳೆಯ ಟ್ಯೂಬು ಅವನದು. ಹೊಸದು ಅವನದಲ್ಲ. ಯಾರೋ ರೋಗಿಯ ರಕ್ತಕ್ಕೆ ಅವನ ಲೇಬಲ್ಲು! ಒಂದು ಲೇಬಲ್ ತಪ್ಪಿದ್ದರೆ ಉಳಿದ ಇಪ್ಪತ್ತೆರಡು ಸರಿಯಾಗಿವೆ ಎಂದು ಯಾರು ಹೇಳಬೇಕು? ಎರಡು ವರ್ಷದ ಕೆಲಸ...

ಅವನು ಎಂದಿನಂತೆ ಐಸ್‌ಬಾಕ್ಸ್ ಹಿಡಿದು ಬಂದಾಗ ಲ್ಯಾಬಿನಲ್ಲಿ ಆರು ಜನರಿದ್ದರು.

"ಯಾರ ರಕ್ತ ಇದು?"

"ಯಾವುದು ಮೇಡಂ?"

"ನಿಮ್ಮ ಹೆಸರು ಹಚ್ಚಿರೋದು! ಯಾರದು?"

"ನಂದೇ."

"ಸುಳ್ಳು! ನೋಡಿ ಇಲ್ಲಿ. ನಿಮ್ಮ ಸಾಲಿನಲ್ಲಿ ಗೆರೆ ಬಂದಿದೆ. ನಿಮಗೆ ಬರೋಕೆ ಸಾಧ್ಯವೇ ಇಲ್ಲ!"

ಅವನು ಬಾಗಿ ನೋಡಿದ. ಮುಖ ಬಿಳಿಚಿಕೊಂಡಿತು. ಆದರೂ ದನಿ ಎತ್ತಲಿಲ್ಲ.

"ಟ್ಯೂಬು ನಂದೇ ಮೇಡಂ. ಲೇಬಲ್ ತಪ್ಪಿಲ್ಲ. ಫಾರ್ಮ್ ನೋಡಿ..."

"ನಾನು ಫಾರ್ಮ್ ನೋಡ್ತಿಲ್ಲ, ಗೆರೆ ನೋಡ್ತಿದ್ದೀನಿ! ಒಂದು ಲೇಬಲ್ ನೆಟ್ಟಗೆ ಹಚ್ಚೋಕೆ ಬರಲ್ವಾ? ನಿಮ್ಮನ್ನ ನಂಬಿ ಕೆಟ್ಟೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆರು ಜನರ ಮುಂದೆ ಆಡಿದ ಮಾತು ಗೋಡೆಗೆ ಬಡಿದು ವಾಪಸ್ ಬಂದ ಹಾಗೆ ಅವಳಿಗೇ ಕೇಳಿಸಿತು.

ಅವನು ಐಸ್‌ಬಾಕ್ಸನ್ನು ಮೇಜಿನ ಮೇಲಿಟ್ಟ. ತಿರುಗಿ ಹೊರಟ. ಕಾರಿಡಾರಿನಲ್ಲಿ ಅವನು ಕೆಮ್ಮಿದ್ದು ಕೇಳಿತು, ಒಂದಲ್ಲ ನಾಲ್ಕೈದು ಸಲ. ಅವಳು ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ.

ದೊಡ್ಡ ಮೇಡಂ ಪಟ್ಟಿಗಳನ್ನು ನೋಡಿ ಕನ್ನಡಕ ತೆಗೆದರು.

"ನಾನು ಕ್ಲಿನಿಕ್‌ಗೆ ಬರೀಲೇಬೇಕು. ರೋಗಿಗಳ ರಕ್ತ ಅದಲುಬದಲಾಗೋದು ಹುಡುಗಾಟ ಅಲ್ಲ. ಶುಕ್ರವಾರ ಹನ್ನೊಂದು ಗಂಟೆಗೆ ಪತ್ರ ಕಳಿಸ್ತೀನಿ."

"ಅವರ ಕೆಲಸ...?"

"ಹೋಗುತ್ತೆ."

* * *

"ತಟ್ಟೆ ಮುಂದೆ ಕೂತು ಯಾಕಮ್ಮ ಅಳ್ತೀಯ?"

ಅಮ್ಮನ ಹತ್ತಿರ ಎಲ್ಲ ಹೇಳಿದಳು. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದವರು ತುಳಿಯುವುದನ್ನು ನಿಲ್ಲಿಸಿದರು.

"ನಿನಗೆ ಉಬ್ಬಸ ಬಂದಾಗ ಮನೆ ತನಕ ಬಿಟ್ಟು ಹೋದನಲ್ಲ, ಅವನಾ? ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತು, 'ಅಮ್ಮ, ರಾತ್ರಿ ದಿಂಬು ಎತ್ತರ ಇಡಿ' ಅಂದವನು?"

"ಹೂಂ."

"ಅವನು ಸುಳ್ಳು ಹೇಳ್ತಾನೆ ಅಂತೀಯ?"

"ನಾನು ಕಣ್ಣಾರೆ ಕಂಡೆ ಅಮ್ಮ!"

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಅಷ್ಟು ಓದಿದವಳಿಗೆ ನಾನು ಹೇಳಿಕೊಡಬೇಕಾ? ಪುಡಿಗೆ ಅಷ್ಟು ಸಣ್ಣ ಜರಡಿ ಹಿಡೀತೀಯಲ್ಲ, ಆಡೋ ಮಾತಿಗೂ ಒಂದು ಹಿಡಿ."

ಅಮ್ಮ ಮತ್ತೆ ಯಂತ್ರ ತುಳಿಯತೊಡಗಿದರು. ಅವಳು ತಟ್ಟೆಯಲ್ಲಿ ಕೈ ತೊಳೆದುಕೊಂಡು ಎದ್ದಳು.

* * *

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆ.

ಅವನು ಬಾರದೆ ನಾಲ್ಕು ದಿನವಾಗಿತ್ತು. ಅವಳು ಮೂಗಿಗೆ ಮಾಸ್ಕ್ ಕಟ್ಟಿ ಜರಡಿ ಕೋಣೆಯ ಬಾಗಿಲಿಂದಲೇ ಇಣುಕಿದಳು. ತಟ್ಟೆಗಳಲ್ಲಿ ಹೂಗೊಂಚಲು ಒಣಗಿ ತರಗಾಗಿ ಬಿದ್ದಿತ್ತು. ಯಾರೂ ಮುಟ್ಟಿರಲಿಲ್ಲ.

"ಅಣ್ಣ, ನಾಲ್ಕು ದಿನದಿಂದ ಜರಡಿ ಹಿಡಿದಿಲ್ವಲ್ಲ? ಪುಡಿ ಹಾಳಾಗುತ್ತೆ!"

ಅಟೆಂಡರ್ ಅಣ್ಣ ನೆಲ ಒರೆಸುತ್ತಿದ್ದವನು ಬೆನ್ನು ನೆಟ್ಟಗೆ ಮಾಡಿದ.

"ಹಿಡಿಯೋನು ಬಂದಿಲ್ಲವಲ್ಲ ತಾಯಿ."

"ಯಾರು? ನೀವೇ ಅಲ್ವಾ ಹಿಡಿಯೋದು?"

"ಈ ಭುಜ ಇಟ್ಕೊಂಡು ನಾನು ಜರಡಿ ಆಡಿಸ್ತೀನಾ? ಕೈ ಎತ್ತಿದ್ರೆ ಪ್ರಾಣ ಹೋಗುತ್ತೆ! ಹೋದ ವರ್ಷದಿಂದ ಆ ಐಸ್‌ಬಾಕ್ಸ್ ಹುಡುಗನೇ. ಬೆಳಿಗ್ಗೆ ಏಳಕ್ಕೆ ಬಂದು, ಕಿಟಕಿ ಬಾಗಿಲು ಮುಚ್ಕೊಂಡು, ಎರಡು ಗಂಟೆ ಪುಡಿಯಲ್ಲೇ ಕೂತಿರ್ತಿದ್ದ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಬೇಡಿ ಅಂದಿದ್ದ. 'ಉಪಕಾರದ ಭಾರ ಹೊರಿಸಿದ ಹಾಗಾಗುತ್ತೆ' ಅಂದ. ಮಾಸ್ಕ್ ಹಾಕ್ಕೊಳ್ಳೋ ಅಂದ್ರೆ ನಗ್ತಿದ್ದ. 'ನಾನು ಕಂಟ್ರೋಲ್ ಅಣ್ಣ, ನನಗೇನೂ ಆಗಲ್ಲ. ಮೇಡಮ್ಮೇ ಹೇಳಿದ್ದಾರೆ' ಅನ್ನೋನು. ಈಗ ಮೂರು ವಾರದಿಂದ ಪಾಪ, ಸೀನೀ ಸೀನೀ..."

ಅವಳು ಮುಂದಿನದನ್ನು ಕೇಳಲಿಲ್ಲ. ಓಡಿದಳು.

ಫೈಲು. ಫಾರ್ಮು. ಎಲ್ಲಕ್ಕಿಂತ ಮೇಲಿನದು...

ಸೀನು: ಹೌದು. ಕಣ್ಣು ಉರಿ: ಹೌದು. ಕೆಮ್ಮು: ಹೌದು, ಬೆಳಗಿನ ಹೊತ್ತು. ಎಷ್ಟು ದಿನದಿಂದ: ಮೂರು ವಾರ. ಕೆಳಗೆ ಅವನ ದುಂಡು ಅಕ್ಷರದಲ್ಲಿ ಒಂದು ಸಾಲು: 'ನನ್ನನ್ನು ಕಂಟ್ರೋಲ್ ಆಗಿ ಬಳಸುವ ಮೊದಲು ದಯವಿಟ್ಟು ನನ್ನ ಜೊತೆ ಮಾತಾಡಿ.'

ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದಳು.

ಅಲರ್ಜಿ ಯಾರಿಗೂ ಹುಟ್ಟುತ್ತಲೇ ಬರುವುದಿಲ್ಲ. ದಿನವೂ ಒಂದೇ ಪರಾಗ ಮೂಗಿಗೆ ಹೋಗುತ್ತಿದ್ದರೆ ಕೆಲವರ ಮೈ ಮೆಲ್ಲಗೆ ಅದನ್ನು ಗುರುತು ಹಿಡಿಯಲು ಕಲಿಯುತ್ತದೆ. ಇದು ಅವಳ ಪ್ರಬಂಧದ ಮೊದಲನೇ ಅಧ್ಯಾಯ, ಎರಡನೇ ಪುಟ. ಅವಳೇ ಬರೆದದ್ದು! ಊರಿಗೆಲ್ಲ ಗೊತ್ತಾಗಲಿ ಎಂದು ಬರೆದವಳಿಗೆ ಪಕ್ಕದಲ್ಲೇ ನಿಂತಿದ್ದವನ ಮೈ ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

'ನನ್ನಿಂದ... ನಾನು ಕಂಟ್ರೋಲ್ ಅಂದದ್ದಕ್ಕೆ... ಅಯ್ಯೋ!'

ಹತ್ತೂಕಾಲಿಗೆ ಅವಳು ದೊಡ್ಡ ಮೇಡಂ ಮುಂದೆ ನಿಂತಿದ್ದಳು. ಏದುಸಿರಿನ ನಡುವೆಯೇ ಎಲ್ಲ ಹೇಳಿದಳು. ಅವರು ಫಾರ್ಮು ತಿರುವಿ ನೋಡಿ ವಾಪಸ್ ಕೊಟ್ಟರು.

"ಕಾಗದದ ಮೇಲೆ ಯಾರು ಏನು ಬೇಕಾದ್ರೂ ಬರೀಬಹುದು. ಟ್ಯೂಬು ಅವನದೇ ಅಂತ ಏನು ಸಾಕ್ಷಿ?"

"ಅವರ ಮೈ ಇದೆ ಮೇಡಂ! ಮೈ ಸುಳ್ಳು ಹೇಳಲ್ಲ. ಚರ್ಮದ ಪರೀಕ್ಷೆ ಮಾಡಿಸ್ತೀನಿ. ಹನ್ನೊಂದರವರೆಗೆ... ಪ್ಲೀಸ್!"

ದೊಡ್ಡ ಮೇಡಂ ಗೋಡೆ ಗಡಿಯಾರ ನೋಡಿದರು. "ಹನ್ನೊಂದು ಅಂದ್ರೆ ಹನ್ನೊಂದು."

* * *

ಕ್ಲಿನಿಕ್‌ನಲ್ಲಿ ಅವನು ಒಬ್ಬ ಅಜ್ಜಿಯ ತೋಳಿಗೆ ಪಟ್ಟಿ ಬಿಗಿಯುತ್ತಿದ್ದ. ಬಾಗಿಲಲ್ಲಿ ಅವಳನ್ನು ಕಂಡು, ಕಂಡೂ ಕಾಣದವನಂತೆ ಸೂಜಿಯ ಕಡೆ ಗಮನ ಕೊಟ್ಟ.

"ಮಾತಾಡಬೇಕು," ಎಂದಳು.

"ಕೆಲಸದಲ್ಲಿದ್ದೀನಿ ಮೇಡಂ. ಲೇಬಲ್ ತಪ್ಪಾಗುತ್ತೆ."

ಆ ಮಾತು ಚುರ್ ಎಂದಿತು. ಅನುಭವಿಸಬೇಕಾದದ್ದೇ ಎಂದುಕೊಂಡು ಅವಳು ಅಲ್ಲೇ ನಿಂತಳು. ಅಜ್ಜಿ ಇಬ್ಬರ ಮುಖವನ್ನೂ ಒಮ್ಮೆ ನೋಡಿ, "ನನ್ನದು ಆಯ್ತಲ್ಲಪ್ಪ, ಅವಳ ಮಾತು ಕೇಳು. ಹುಡುಗಿ ಅತ್ತುಬಿಡೋ ಹಾಗಿದ್ದಾಳೆ," ಎಂದು ಎದ್ದುಹೋದರು.

"ಫಾರ್ಮ್ ಓದಿದೆ," ಎಂದಳು.

ಅವನು ತಲೆ ತಗ್ಗಿಸಿ ಒಮ್ಮೆ ಸೀನಿದ.

ಆ ಒಂದು ಸೀನಿಗೆ ಅವಳ ಕಣ್ಣು ತುಂಬಿ ಹರಿಯಿತು!

ಡಾಕ್ಟರ್ ಹೆಚ್ಚು ಪ್ರಶ್ನೆ ಕೇಳಲಿಲ್ಲ. ನಾಲ್ಕೈದು ದಿನದಿಂದ ಸೀನಿನ ಮಾತ್ರೆ ಏನಾದರೂ ನುಂಗಿದ್ದೀಯಾ ಎಂದು ಕೇಳಿ, ಇಲ್ಲ ಎಂದ ಮೇಲೆ ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ತುರ್ತು ಇಂಜೆಕ್ಷನ್ ಪಕ್ಕದಲ್ಲಿಟ್ಟುಕೊಂಡು, ಮುಂಗೈಯ ಒಳಬದಿಗೆ ಪೆನ್ನಿನಿಂದ ಮೂರು ಗುರುತು ಮಾಡಿದರು. ಒಂದು ಹನಿ ಬರೀ ಉಪ್ಪುನೀರು, ಅದು ಸುಮ್ಮನಿರಬೇಕು. ಒಂದು ಹನಿ ಎಲ್ಲರಿಗೂ ದದ್ದು ಏಳಿಸುವ ಮದ್ದು. ಮೂರನೆಯದು ಆ ಮರದ ಪರಾಗದ ರಸ. ಒಂದೊಂದರ ಮೇಲೂ ಸೂಜಿಯಿಂದ ಚುರುಕಾಗಿ ಚುಚ್ಚಿದರು.

"ಹದಿನೈದು ನಿಮಿಷ. ತುರಿಕೆ ಬರುತ್ತೆ, ಕೆರೆಯೋಕೆ ಬಿಡಬೇಡಮ್ಮ. ಉಸಿರು ಕಟ್ಟಿದ್ರೆ ತಕ್ಷಣ ಕೂಗು, ನಾನಿಲ್ಲೇ ಪರದೆ ಆಚೆ ಇದ್ದೀನಿ."

ಹತ್ತು ಗಂಟೆ ನಲವತ್ತೆರಡು ನಿಮಿಷ.

ಅವಳು ಎದುರಿನ ಸ್ಟೂಲಿನಲ್ಲಿ ಕೂತು ಅವನ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕೆರೆಯಲ್ಲ ಮೇಡಂ. ಬಿಡಿ."

"ಡಾಕ್ಟರ್ ಹೇಳಿದ್ದಾರೆ. ಬಿಡಲ್ಲ."

ಒಂದು ನಿಮಿಷ. ಎರಡು. ಮುಂಗೈಯಲ್ಲಿ ಮೂರು ಚುಕ್ಕೆಗಳೂ ಒಂದೇ ಥರ ಇದ್ದವು.

"ಯಾಕೆ ಹೇಳಲಿಲ್ಲ?" ಅವಳು ಕೇಳಿದಳು. "ಬಾಯಿಬಿಟ್ಟು ಒಂದು ಮಾತು... ಯಾಕೆ?"

"ನೆಗಡಿ ಅಂದುಕೊಂಡೆ. ಆಮೇಲೆ ನೆಗಡಿ ಅಲ್ಲ ಅಂತ ಗೊತ್ತಾಯ್ತು. ದಿನಾ ಇಂಥವರದ್ದೇ ರಕ್ತ ತೆಗೀತೀನಲ್ಲ, ನನಗೆ ಗೊತ್ತಾಗಲ್ವಾ? ಹೇಳಿದ್ರೆ ನಾನು ನಿಮಗೆ ಏನೂ ಅಲ್ಲ. ಕಂಟ್ರೋಲ್ ಅಂತ ತಾನೇ ನನಗೆ ಆ ಲ್ಯಾಬಿನಲ್ಲೊಂದು ಜಾಗ ಇತ್ತು? ಬಾಯಿ ಬರಲಿಲ್ಲ. ಫಾರ್ಮಿನಲ್ಲಿ ಬರೆದೆ. ನೀವೇ ಓದಿ ಕೂಗಿ ಕರೀತೀರಿ ಅಂತ ನಾಲ್ಕು ದಿನ ಕಾದೆ. ನೀವು ಕರೆದದ್ದು..."

"ಬೇಡ. ಹೇಳಬೇಡಿ..."

ಐದು ನಿಮಿಷ. ಮದ್ದಿನ ಚುಕ್ಕೆ ಉಬ್ಬತೊಡಗಿತು. ಪರಾಗದ ಚುಕ್ಕೆ ಕೆಂಪಾಯಿತೇ? ಇಲ್ಲವೇ? ಅವಳಿಗೆ ಭಯವಾಯಿತು. ಉಬ್ಬದಿದ್ದರೆ ಅವನ ಕೆಲಸ ಹೋಗುತ್ತದೆ. ಉಬ್ಬಿದರೆ ತನ್ನಿಂದಲೇ ಅವನಿಗೆ ರೋಗ ಬಂದದ್ದು ನಿಜವಾಗುತ್ತದೆ. ಯಾವುದನ್ನು ಬೇಡಿಕೊಳ್ಳಬೇಕೋ ತಿಳಿಯದೆ ಅವಳು ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಮರದ ಕೆಳಗೆ ಒಂದು ಮಾತು ಕೇಳಿದ್ದೆ, ನೆನಪಿದೆಯಾ?" ಎಂದಳು.

"ಯಾರನ್ನ ನೋಡಿದ್ರೂ ಏನೂ ಅನ್ಸಲ್ವಾ ಅಂತ."

"ಉತ್ತರ ಕೊಡಲಿಲ್ಲ ನೀವು."

"ಏಣಿ ಮೇಲಿದ್ದೆ. ನಿಜ ಹೇಳಿದ್ರೆ ಬೀಳ್ತಿದ್ದೆ."

ಅವಳು ಅಳುವಿನ ಮಧ್ಯೆ ನಕ್ಕುಬಿಟ್ಟಳು. ಅವನು ನಗಲಿಲ್ಲ.

"ಬೆಳಿಗ್ಗೆ ಏಳಕ್ಕೆ ಆ ಕೋಣೆಯಲ್ಲಿ ಕೂತಾಗ ಅನ್ಸೋದು... ಈ ಪುಡಿ ನನ್ನ ಮೂಗಿಗೆ ಎಷ್ಟು ಹೋಗುತ್ತೋ ಅಷ್ಟು ನಿಮಗೆ ಹೋಗೋದು ತಪ್ಪುತ್ತೆ. ಆವತ್ತು ನಿಮ್ಮ ತುಟಿ ನೀಲಿಯಾಗಿತ್ತು. ನಿಮಗದು ನೆನಪಿಲ್ಲ. ನನಗೆ ಮರೆಯೋಕಾಗ್ತಿಲ್ಲ."

ಒಂಬತ್ತು ನಿಮಿಷ. ಅವನು ಕೆಮ್ಮಿದ. ಮತ್ತೆ ಕೆಮ್ಮಿದ. ಎದೆಯಲ್ಲಿ ಸಣ್ಣಗೆ ಸಿಳ್ಳೆ ಕೇಳಿತು.

"ಡಾಕ್ಟರ್!"

"ಏನಿಲ್ಲ, ಏನಿಲ್ಲ..." ಎಂದ. ಆದರೆ ಅವನ ಹಣೆಯಲ್ಲಿ ಬೆವರಿತ್ತು. ಅವಳು ಒಂದೇ ಕೈಯಲ್ಲಿ ಬ್ಯಾಗು ತಡಕಿ ಇನ್‌ಹೇಲರ್ ಹೊರತೆಗೆದಳು. ಪರದೆ ಸರಿಸಿ ಬಂದ ಡಾಕ್ಟರ್ ಅವನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿಸಿಕೊಂಡರು. ಮೂರು ಸೆಕೆಂಡು... ಐದು ಸೆಕೆಂಡು...

"ಸ್ವಲ್ಪ ಬಿಗಿದಿದೆ. ಮೂರು ವಾರದಿಂದ ಔಷಧಿ ಇಲ್ಲದೆ ಓಡಾಡಿದ್ದಾನಲ್ಲ, ಪುಣ್ಯಾತ್ಮ! ಎರಡು ಸಲ ಎಳೆದುಕೊಳ್ಳಲಿ, ಸಾಕು."

ಅವಳು ಅವನ ಬಾಯಿಗೆ ಹಿಡಿದಳು. ಹೋದ ವರ್ಷ ಅವನು ಹಿಡಿದ ಹಾಗೆಯೇ.

"ಒಳಗೆ ಎಳೀರಿ... ಹಿಡ್ಕೊಳ್ಳಿ... ಈಗ ಬಿಡಿ."

ಉಸಿರು ಸಲೀಸಾಯಿತು.

ಹನ್ನೊಂದಕ್ಕೆ ಮೂರು ನಿಮಿಷ ಇರುವಾಗ ಬಾಗಿಲಲ್ಲಿ ಗಟ್ಟಿ ಹೆಜ್ಜೆ ಸಪ್ಪಳ. ದೊಡ್ಡ ಮೇಡಂ! ಕೈಯಲ್ಲಿ ಉದ್ದನೆಯ ಲಕೋಟೆ. ಅವರು ಒಳಬಂದು ಮೊದಲು ನೋಡಿದ್ದು ಮುಂಗೈಯನ್ನಲ್ಲ, ಬಿಗಿಯಾಗಿ ಹೆಣೆದುಕೊಂಡಿದ್ದ ಇನ್ನೆರಡು ಕೈಗಳನ್ನು.

"ಕೆರೆಯಬಾರದು ಅಂತ..." ಅವಳು ತೊದಲಿದಳು.

"ಕಾಣ್ತಿದೆ," ಎಂದರು ದೊಡ್ಡ ಮೇಡಂ.

ಡಾಕ್ಟರ್ ಸ್ಕೇಲ್ ಇಟ್ಟರು. ಉಪ್ಪುನೀರಿನ ಜಾಗ ಚಪ್ಪಟೆ. ಮದ್ದಿನ ಜಾಗದ ಉಬ್ಬು ಐದು ಮಿಲಿಮೀಟರ್. ಪರಾಗದ ಜಾಗ...

"ಏಳು."

ದೊಡ್ಡ ಮೇಡಂ ಕನ್ನಡಕ ಹಾಕಿಕೊಂಡು ಆ ಕೆಂಪು ಉಬ್ಬನ್ನು ಬಹಳ ಹೊತ್ತು ನೋಡಿದರು. ಆಮೇಲೆ ಲಕೋಟೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನೊಳಕ್ಕೆ ತುರುಕಿದರು.

"ಲೇಬಲ್ ಸರಿಯಾಗಿದೆ. ನಮ್ಮದೇ ತಪ್ಪು. ಕ್ಷಮಿಸಪ್ಪ." ಅವಳ ಕಡೆ ತಿರುಗಿದರು. "ಒಬ್ಬನೇ ಮನುಷ್ಯ, ಹೋದ ವರ್ಷ ಖಾಲಿ, ಈ ವರ್ಷ ಗೆರೆ. ಇಂಥದ್ದು ಹುಡುಕಿದರೂ ಸಿಗಲ್ಲ. ಅವನು ಒಪ್ಪಿದರೆ ಪರೀಕ್ಷಕರಿಗೆ ಇದನ್ನೇ ತೋರಿಸು. ನಿನ್ನ ಮೊಂಡ ಎಂಥವನು ಅಂತ ಇದಕ್ಕಿಂತ ಚೆನ್ನಾಗಿ ಯಾವುದೂ ಹೇಳಲ್ಲ."

"ಬೇಡ ಮೇಡಂ." ಅವಳು ತಲೆಯಾಡಿಸಿದಳು. "ಇವರಿಗೆ ರೋಗ ಬಂದದ್ದನ್ನ ನಾನು ಲಾಭ ಅಂತ ತೋರಿಸಲ್ಲ!"

"ತೋರಿಸಿ," ಎಂದ ಅವನು. "ನನ್ನ ರಕ್ತ. ನಾನು ಒಪ್ಪಿದ್ದೀನಿ. ಈ ಸಲ ಫಾರ್ಮ್ ಓದಿ, ಸಾಕು."

ದೊಡ್ಡ ಮೇಡಂ ಅಪರೂಪಕ್ಕೆ ನಕ್ಕರು.

* * *

ಪರೀಕ್ಷಕರು ಬರುವ ಹಿಂದಿನ ದಿನ, ಮಧ್ಯಾಹ್ನ.

ಅವನು ಬಂದ. ಜರಡಿ ಕೋಣೆಯ ಬೋರ್ಡು ಈಗ ಬಾಗಿಲ ಹೊರಗಡೆ ಇತ್ತು. 'ತಟ್ಟದೆ ಒಳಗೆ ಬರಬಾರದು' ಎಂಬುದರ ಕೆಳಗೆ ಹೊಸ ಶಾಯಿಯಲ್ಲಿ ಇನ್ನೊಂದು ಸಾಲು: 'ಐಸ್‌ಬಾಕ್ಸ್ ತರುವವರು ತಟ್ಟಿದರೂ ಬರಬಾರದು.'

ಅವನು ಅದನ್ನು ಎರಡು ಸಲ ಓದಿ, ಎದುರಿನ ಬೆಂಚಿನ ಮೇಲೆ ಕೂತ. ಅವಳು ಪಕ್ಕದ ಲ್ಯಾಬಿನಿಂದ ಬಂದು ಅವನ ಪಕ್ಕ ಕೂತಳು.

"ಆವತ್ತು ಆರು ಜನರ ಮುಂದೆ ಬೈದಿದ್ದೆ," ಎಂದಳು. "ನಿನ್ನೆ ಅದೇ ಆರು ಜನರನ್ನ ಕರೆದು, ತಪ್ಪು ನಂದು ಅಂತ ಹೇಳಿದೆ. ಅಟೆಂಡರ್ ಅಣ್ಣ ಏಳನೆಯವನಾಗಿ ಬಂದು ನಿಂತಿದ್ದ."

"ಅದೆಲ್ಲ ಯಾಕೆ..."

"ಬೇಕು. ನನಗೆ ಬೇಕಾಗಿತ್ತು."

ಅವಳ ಮಡಿಲಲ್ಲಿ ಹೊಸದಾಗಿ ಜೋಡಿಸಿದ ಪಟ್ಟಿಗಳ ಹಾಳೆ. ಅವನ ಕೈಗೆ ಕೊಟ್ಟಳು. ಅವನು ಅಭ್ಯಾಸದಂತೆ ಕೊನೆಯ ಸಾಲು ನೋಡಿದ. ಅಲ್ಲಿ ಯಾರೋ ಹೊಸಬರ ಹೆಸರಿತ್ತು. ಖಾಲಿ ಸಾಲು.

"ನನ್ನನ್ನ ತೆಗೆದೇಬಿಟ್ರಾ?"

"ಕಂಟ್ರೋಲ್ ಕೆಲಸದಿಂದ ತೆಗೆದೆ. ಸರಿಯಾಗಿ ಹುಡುಕು."

ಹುಡುಕು! ಅವಳು ಮೊದಲ ಸಲ ಏಕವಚನದಲ್ಲಿ ಮಾತಾಡಿದ್ದಳು. ಅವನ ಕಿವಿ ಕೆಂಪಾಯಿತು. ಹಾಳೆಯ ಮೇಲೆ ಬೆರಳಾಡಿಸುತ್ತಾ ಬಂದ. ಹನ್ನೆರಡು... ಹದಿಮೂರು... ಹದಿನಾಲ್ಕು, ಅವಳದು. ಪಕ್ಕದ್ದು...

ಹದಿನೈದರ ಕೆಳಗೆ ಅವನ ಹೆಸರು. ಎರಡು ಸಾಲಿನಲ್ಲೂ ಗೆರೆ ಒಂದೇ ಎತ್ತರದಲ್ಲಿತ್ತು.

"ಇಲ್ಲಿ ಬೇರೆ ಯಾರೋ ಇದ್ರಲ್ಲ?"

"ಅವರನ್ನ ಆಚೆ ಸರಿಸಿದೆ. ಪಟ್ಟಿಗಳನ್ನ ಜೋಡಿಸೋದು ನಾನು ತಾನೇ?"

ಅವನು ಹಾಳೆಯನ್ನು ಮೆಲ್ಲಗೆ ಮಡಿಲಲ್ಲಿಟ್ಟುಕೊಂಡ.

"ಪರೀಕ್ಷಕರು ಕೇಳಿದ್ರೆ? ಇವರಿಬ್ಬರು ಯಾಕೆ ಪಕ್ಕಪಕ್ಕ ಅಂತ?"

"ಇಬ್ಬರಿಗೂ ಒಂದೇ ಮರ ಆಗಿಬರಲ್ಲ ಅಂತೀನಿ."

"ಅಷ್ಟೇನಾ?"

ಒಳಗೆ ಮಾಸ್ಕ್ ಕಟ್ಟಿಕೊಂಡ ಹೊಸ ಸಹಾಯಕ ಜರಡಿ ಆಡಿಸುವ ಸದ್ದು ಕೇಳುತ್ತಿತ್ತು. ಅವಳು ಅವನ ಅಂಗಿಯ ತೋಳು ಮಡಚಿ ಮುಂಗೈ ನೋಡಿದಳು. ಉಬ್ಬು ಇಳಿದು ಒಂದು ಸಣ್ಣ ಚುಕ್ಕೆ ಉಳಿದಿತ್ತು. ಅದರ ಮೇಲೆ ಹೆಬ್ಬೆರಳಿಟ್ಟಳು.

"ತುರಿಸುತ್ತಾ?"

"ಇಲ್ಲ."

"ಹಾಗಾದ್ರೆ ಕೈ ಬಿಡ್ಲಾ?"

"ತುರಿಸುತ್ತೆ," ಎಂದ ಅವನು. "ತುಂಬಾ ತುರಿಸುತ್ತೆ. ಬಿಡಬೇಡ."